ಹತ್ತೊಂಬತ್ತು ಫೋನಿನ ಬುಟ್ಟಿ

ಗೊರಸಿನಗುಡ್ಡದ ಪೋಡಿನ, ಅಂದರೆ ಕಾಡೊಳಗಿನ ಹಾಡಿಯ, ನೆತ್ತಿಗೆ ಒಂದು ಬಂಡೆ ಇದೆ. ಅದರ ಎತ್ತರ ಮಾತ್ರ ಕೇಳಬೇಡಿ. ತುದಿಯಲ್ಲಿ ನಿಂತು ಕೆಮ್ಮಿದರೆ ಮೋಡಕ್ಕೆ ನೆಗಡಿ ಹತ್ತುತ್ತದೆ. ಅಲ್ಲಿಂದ ಉಗುಳಿದರೆ ಅರ್ಧ ಉಗುಳು ಕರ್ನಾಟಕಕ್ಕೆ, ಅರ್ಧ ತಮಿಳುನಾಡಿಗೆ. ಹೀಗಂತ ಜಗತ್ತಿಗೆಲ್ಲ ಸಾರಿದವನು ಪುಟ್ಟಮಾದ. "ಉಗುಳು ಬೀಳೋದು ನಿನ್ ಕಾಲ್ಮೇಲೆಯ" ಅಂತ ತಿದ್ದಿದವಳು ಅವನ ಹೆಂಡತಿ ಬೆಳ್ಳಮ್ಮ.

ಬೆಳ್ಳಮ್ಮನ ಲೆಕ್ಕ ಸುಲಭದ್ದು. ಗಂಡ ಹೇಳಿದ್ದರಲ್ಲಿ ಅರ್ಧ ಕಳೆದರೆ ಉಳಿಯುವುದು ನಿಜ. ಪುಟ್ಟಮಾದ ಜಗುಲಿ ಮೇಲೆ ಕೂತು, "ಅತ್ತು ಕರಡಿ ಅಟ್ಟಿಸ್ಕಂಡ್ ಬಂದೋ ಕಣ್ಲಾ" ಅಂತ ಶುರು ಮಾಡಿದರೆ ಒಳಗೆ ಒಲೆಯ ಹತ್ತಿರದಿಂದ ಅವಳ ದನಿ ಬರುತ್ತಿತ್ತು.

"ಐದು."

"ಐದೂ ನನ್ ಮುಖ ನೋಡ್ದೇಟ್ಗೆ ಓಡೋದೊ."

"ಎಲ್ಡೂವರೆ ಓಡೋದೊ. ಮಿಕ್ಕಿದ್ಕೆ ನೀನು ಓಡ್ದೆ."

ಪೋಡಿಗೆ ಪೋಡೇ ನಗುತ್ತಿತ್ತು. ಹುಲಿಗೆ ಬೀಡಿ ಹಚ್ಚಿಕೊಟ್ಟ ಕಥೆಯಲ್ಲಿ ಅರ್ಧ ಕಳೆಯುವುದು ಹೆಂಗವ್ವ ಅಂತ ಯಾರೋ ಕೇಳಿದ್ದಕ್ಕೆ ಅವಳು ಅಂದಿದ್ದಳು: "ಬೀಡಿ ಅಚ್ಚಿದ್ದು ನಿಜ. ಉಲಿ ಕಳೀರಿ."

ಆ ಬಂಡೆಯ ತುದಿಯಲ್ಲಿ, ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂರುವಷ್ಟು ಜಾಗದಲ್ಲಿ, ಫೋನಿಗೆ ಸಿಗ್ನಲ್ ಸಿಗುತ್ತಿತ್ತು. ಪೋಡಿನಲ್ಲಿ ಎಲ್ಲೂ ಇಲ್ಲ. ಮರ ಹತ್ತಿದರೂ ಇಲ್ಲ. ಬಂಡೆಗೆ ಒಂದು ಗಂಟೆಯ ಏರು. ಎಲ್ಲರೂ ಏರಿ ಕೂತರೆ ಲಂಟಾನದ ಮುಳ್ಳುಪೊದೆ ಕೀಳುವವರು ಯಾರು, ಅದರ ಕಡ್ಡಿ ಬೇಯಿಸುವವರು ಯಾರು, ಸಿಪ್ಪೆ ಸುಲಿದು ಬುಟ್ಟಿ ಹೆಣೆಯುವವರು ಯಾರು. ಅದಕ್ಕೇ ಪೋಡು ಒಂದು ಏರ್ಪಾಟು ಮಾಡಿಕೊಂಡಿತ್ತು. ಎರಡು ದಿನಕ್ಕೊಂದು ಸಲ ಪುಟ್ಟಮಾದ ಮನೆಮನೆಯ ಫೋನು ಕೇಳಿ ಇಸಿದುಕೊಂಡು, ಬೆಳ್ಳಮ್ಮ ಹೆಣೆದ ಲಂಟಾನ ಬುಟ್ಟಿಯಲ್ಲಿ ಜೋಡಿಸಿ, ತಲೆ ಮೇಲೆ ಹೊತ್ತು ಬಂಡೆ ಹತ್ತುವುದು. ತುದಿಯಲ್ಲಿ ಕೂತು ಒಂದೊಂದೇ ಫೋನು ಎತ್ತಿ ಆಕಾಶಕ್ಕೆ ತೋರಿಸುವುದು. "ಕುಡ್ಕಳಿ ಮಕ್ಳೆ" ಅನ್ನುವುದು. ರೇಷನ್ನಿನ ನಂಬರು, ಪಿಂಚಣಿಯ ನಂಬರು, ಹಾಸ್ಟೆಲಿನಲ್ಲಿರುವ ಮಕ್ಕಳ ದನಿ, ಎಲ್ಲ ಒಳಗಿಳಿಯುವ ತನಕ ಕಾಯುವುದು. ಅವನು ಆಶ್ರಮಶಾಲೆಯಲ್ಲಿ ಏಳನೇ ಕ್ಲಾಸು ಓದಿದ್ದ. ಅವನ ಬಾಯಲ್ಲಿ ಅದು ವಕೀಲಿಕೆಗಿಂತ ಒಂದು ಮೆಟ್ಟಿಲು ಮೇಲೆ. ಸಂಜೆ ಬುಟ್ಟಿ ಇಳಿಸಿದರೆ ಪ್ರತಿ ಬಾಗಿಲಲ್ಲೂ ಒಂದೇ ಮಾತು: "ಏನ್ ಬಂತು ನಂಗೆ?"

ನಲವತ್ತು ಫೋನು ಹೊರುತ್ತೇನೆ ಅಂತ ಅವನು ಹೇಳಿಕೊಳ್ಳುತ್ತಿದ್ದ. ಇಪ್ಪತ್ತು ಅನ್ನುತ್ತಿದ್ದಳು ಬೆಳ್ಳಮ್ಮ. ಆಮೇಲೆ ಬಂದ ಸರ್ಕಾರಿ ಕಾಗದದಲ್ಲಿ ಹತ್ತೊಂಬತ್ತು ಅಂತಿತ್ತು. ಬೆಳ್ಳಮ್ಮನ ಲೆಕ್ಕ ಸರ್ಕಾರದ ಲೆಕ್ಕಕ್ಕಿಂತ ಒಂದೇ ಒಂದು ತಪ್ಪಿತ್ತು.

ಪೋಡಿನಲ್ಲಿ ಇನ್ನೊಂದು ರೂಢಿ ಇದೆ. ಅದು ಫೋನಿಗಿಂತ ಸಾವಿರ ವರ್ಷ ಹಳೇದು. ಇದರಲ್ಲಿ ಅರ್ಧ ಕಳೆದರೂ ತೊಂದರೆ ಇಲ್ಲ. ರಾಗಿ ಹೊಲಕ್ಕೆ ಆನೆ ಇಳಿದರೆ ಅಟ್ಟಣೆಯ ಮೇಲಿರುವವನು ಕೂಗು ಹಾಕುತ್ತಾನೆ. ಆ ಕೂಗು ಕಿವಿಗೆ ಬಿದ್ದವನು ಯಾಕೆ, ಏನು, ನಿಜವಾ ಅಂತ ಕೇಳುವ ಹಾಗಿಲ್ಲ. ಅವನೂ ಕೂಗಬೇಕು. ಅವನ ಕೂಗು ಕೇಳಿದವನೂ ಕೂಗಬೇಕು. ಕೇಳಿಯೂ ಸುಮ್ಮನಿದ್ದವನನ್ನು ಪೋಡು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಗೇಟು.

ಪೋಡಿನಿಂದ ಅಜ್ಜೀಪುರಕ್ಕೆ ಹೋಗುವ ಕಾಡುದಾರಿಯಲ್ಲಿ, ನೆಲ್ಲಿಹಳ್ಳದ ಹತ್ತಿರ. ಮೊದಲು ಅಲ್ಲಿ ಬಿದಿರಿನ ಗಳ ಇತ್ತು. ಆಮೇಲೆ ಕಬ್ಬಿಣ ಬಂತು. ಆಮೇಲೆ ಕಂಬ ಬಂತು, ಕಂಬದ ಮೇಲೆ ಕ್ಯಾಮ್ರಾ ಬಂತು, ಅರಣ್ಯ ಇಲಾಖೆಯ ವಾಚರಿನ ಗುಡಿಸಲ ಮೇಲೆ ಊಟದ ತಟ್ಟೆಯಂಥದ್ದೊಂದು ಬಂತು. ಒಳಗೆ ಹೋಗುವ ಗಾಡಿಗೂ ಹೊರಗೆ ಬರುವ ಗಾಡಿಗೂ ನೆಟ್ಟಿನಲ್ಲಿ ಪಾಸು. ಮರ ಸಾಗಿಸುತ್ತಾರಂತೆ. ಕಾಡನ್ನು ಕಾದವರನ್ನೇ ಕಳ್ಳರ ಪಟ್ಟಿಗೆ ಸೇರಿಸಿ ಅದಕ್ಕೊಂದು ಯಂತ್ರ ಇಟ್ಟರು. ಯಂತ್ರ ನೋಡಿಕೊಳ್ಳುವವನು ಶಾಗ್ಯದ ಮಹದೇವು. ಐವತ್ತು ದಾಟಿದವನು. ಹನ್ನೊಂದು ವರ್ಷದಿಂದ ದಿನಗೂಲಿ. ಗಾಡಿ ನಂಬರು ಒತ್ತಿದರೆ ಎರಡು ನಿಮಿಷಕ್ಕೆ ಪಾಸು ಬರುತ್ತಿತ್ತು. ಪಾಸಿಲ್ಲದೆ ಗೇಟು ತೆಗೆದರೆ ಮೇಲೆ ಕೂತ ಯಾರೋ ಕ್ಯಾಮ್ರಾದಲ್ಲಿ ನೋಡುತ್ತಾರೆ, ಅವತ್ತಿಗೇ ಅವನ ಕೆಲಸ ಹೋಗುತ್ತದೆ. ಬೀಗದ ಕೈ ಮಾತ್ರ ಅವನ ಜೇಬಲ್ಲೇ ಇರುತ್ತಿತ್ತು.

ಆ ವಾರ ಕೆಳಗಿನ ಯಾವುದೋ ಊರಲ್ಲಿ ಯಾರೋ ಯಾರ ಬಗ್ಗೆಯೋ ಫೋನಿನಲ್ಲಿ ಏನೋ ಹಾಕಿದರು. ಕಲ್ಲು ಬಿದ್ದವು. ಶಾಂತಿ ಕಾಪಾಡಬೇಕು ಅಂತ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನ ನೆಟ್ಟು ಎರಡು ದಿನ ನಿಲ್ಲಿಸಿದರು. ಗೊರಸಿನಗುಡ್ಡದಲ್ಲಿ ಆ ಎರಡು ದಿನ ಎರಡು ಕೋಳಿ ಬಿಟ್ಟರೆ ಬೇರೆ ಯಾರೂ ಜಗಳ ಆಡಲಿಲ್ಲ.

ಎರಡನೇ ದಿನ ಬೆಳಿಗ್ಗೆ ಎಂಟು ಗಂಟೆಗೆ ಬೆಳ್ಳಮ್ಮ ಲಂಟಾನದ ಬುಡಕ್ಕೆ ಕೈ ಹಾಕಿದಳು. ಲಂಟಾನ ಹಾಗೇ ಬರುವುದಿಲ್ಲ. ಒಂದು ಕಾಲನ್ನು ಬುಡಕ್ಕೆ ಒತ್ತಿ, ಸೊಂಟ ಬಗ್ಗಿಸಿ, ಎರಡೂ ಕೈಯಲ್ಲಿ ತಿರುಚಿ ಎಳೆಯಬೇಕು. ಇಪ್ಪತ್ತು ವರ್ಷ ಎಳೆದು ಅವಳ ಕೈ ಮಣಿಕಟ್ಟಿನವರೆಗೂ ಆನೆಯ ಅಂಗಾಲಿನಂತಾಗಿತ್ತು. ಮುಳ್ಳು ಚುಚ್ಚಿದರೆ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಮೊದಲು ಅವಳಿಗೆ ಗೊತ್ತಾಗಲಿಲ್ಲ. ಹೆಡೆ ಕಂಡಾಗ ಗೊತ್ತಾಯಿತು. ನಾಗರ. ಕಚ್ಚಿದ್ದು ಮಣಿಕಟ್ಟಿನ ಮೇಲೆ.

ಇಲ್ಲಿಂದ ಮುಂದಕ್ಕೆ ಏನನ್ನೂ ಹೆಚ್ಚು ಮಾಡಿ ಹೇಳುವುದಿಲ್ಲ.

ನೆಟ್ಟು ನಿಲ್ಲುವ ಮೊದಲು ಸಾಮಾನು ಇಳಿಸಲು ಬಂದು ಉಳಿದುಕೊಂಡಿದ್ದ ಅಜ್ಜೀಪುರದ ಶಾಂತರಾಜುವಿನ ಜೀಪು ಪೋಡಿನಲ್ಲೇ ಇತ್ತು. ಅದರಲ್ಲಿ ಮಲಗಿಸಿದರು. ಒಂಬತ್ತಕ್ಕೆ ಗೇಟು ಮುಟ್ಟಿದರು. ಮಹದೇವು ಓಡಿ ಬಂದ. ನೋಡಿದ. ಯಂತ್ರ ಒತ್ತಿದ. ಯಂತ್ರದಲ್ಲಿ ಒಂದು ಚಕ್ರ ಸುತ್ತಿತು. ಸುತ್ತುತ್ತಲೇ ಇತ್ತು.

"ನೆಟ್ ಇಲ್ಲ ಕಣಣ್ಣ. ಅತ್ತು ಗಂಟ್ಗೆ ಬುಡ್ತರಂತೆ. ಆರ್ಡರ್ನಲ್ಲದೆ. ಅತ್ತು ಗಂಟ್ಗೆ."

"ಆವು ಕಚ್ಚದೆ ಕಣೋ ಮಹದೇವು."

"ನಂಗ್ ಕಾಣಕಿಲ್ವಾ? ಮೇಲ್ ಕ್ಯಾಮ್ರಾ ಅದೆ. ಒಂದ್ ಗಂಟೆ ಕಣಣ್ಣ. ನನ್ ಎಡ್ತಿ ಮಕ್ಳು ಅವ್ರೆ."

ಪುಟ್ಟಮಾದ ಮನಸ್ಸಲ್ಲೇ ಲೆಕ್ಕ ಹಾಕಿದ. ಹೊತ್ತುಕೊಂಡು ನಡೆದರೆ ಅಜ್ಜೀಪುರದ ಆಸ್ಪತ್ರೆಗೆ ಎರಡು ಗಂಟೆ. ಗೇಟು ತೆಗೆದರೆ ಜೀಪಿನಲ್ಲಿ ಇಪ್ಪತ್ತು ನಿಮಿಷ. ಹತ್ತು ಗಂಟೆಗೆ ನೆಟ್ಟು ಬಂದರೆ ಕಾಯುವುದೇ ಬೇಗ. ಸರ್ಕಾರ ಹತ್ತು ಅಂದಿದೆ. ಸರ್ಕಾರ ಪುಟ್ಟಮಾದನ ಹಾಗೆ ಏನೇನೋ ಹೇಳುತ್ತದಾ? ಅವನು ಕಾದ. ಅದು ಅವನ ತಪ್ಪು. ಆ ತಪ್ಪನ್ನು ಅವನು ಯಾರ ತಲೆಗೂ ಕಟ್ಟಲಿಲ್ಲ.

"ವಿಡಿಯೋ ಆದ್ರೂ ಇಡ್ಕೊ" ಅಂದ ಮಹದೇವು. "ನಾ ನಂಬ್ತೀನಿ. ನೀ ಯೋಳುದ್ರೆ ಮೇಲಿನೋರು ನಂಬಕಿಲ್ಲ. ನೆಟ್ ಬಂದೇಟ್ಗೆ ತೋರ್ಸು."

ಫೋನು ತೆಗೆದ. ಜಾಗ ಇಲ್ಲ ಅಂತ ಫೋನು ಹೇಳಿತು. ಕೈಗೆ ಸಿಕ್ಕಿದ್ದನ್ನು ಅಳಿಸಿದ. ಬೆಳ್ಳಮ್ಮ ಒಲೆ ಮುಂದೆ ಕೂತು ಯಾವುದಕ್ಕೋ ನಗುತ್ತಿದ್ದ ವಿಡಿಯೋ ಅದು. ಇನ್ನೊಂದು ಹಿಡಿದರಾಯಿತು ಅಂದುಕೊಂಡ. ಸ್ವಲ್ಪ ಹಿಡಿದಾಗ ಮತ್ತೆ ಜಾಗ ತುಂಬಿತು. ಮತ್ತೆ ಅಳಿಸಿದ. ಹೀಗೆ ತುಂಡು ತುಂಡಾಗಿ ಐದು ಸಲ ಹಿಡಿದ. ಮುಚ್ಚಿದ ಗೇಟು. ಚಕ್ರ ಸುತ್ತುವ ಯಂತ್ರ. ಜೀಪಿನಲ್ಲಿ ಮಲಗಿದ ಬೆಳ್ಳಮ್ಮ.

ಹತ್ತಕ್ಕೆ ನೆಟ್ಟು ಬರಲಿಲ್ಲ. ಹತ್ತೂಕಾಲಿಗೆ ಅವಳ ರೆಪ್ಪೆ ಇಳಿಬಿತ್ತು. ಎತ್ತಲು ನೋಡಿದಳು, ಎತ್ತಲಾಗಲಿಲ್ಲ. ನಾಲಿಗೆ ದಪ್ಪವಾಯಿತು.

"ಇನ್ನೈದ್ ನಿಮ್ಸ ಕಣಮ್ಮಿ" ಅಂದ ಪುಟ್ಟಮಾದ.

ಫೋನು ಐದನೇ ತುಂಡು ಹಿಡಿಯುತ್ತಿತ್ತು. ಅವಳ ತುಟಿ ಒಂದು ಕಡೆಗೆ ಅರಳಿತು. "ಅತ್ತು" ಅಂದಳು.

ಜೀವಮಾನದಲ್ಲಿ ಅವಳು ಅವನ ಲೆಕ್ಕವನ್ನು ಹೆಚ್ಚು ಮಾಡಿದ್ದು ಅದೊಂದೇ ಸಲ. ಆಮೇಲೆ ಮಾತಿಲ್ಲ.

ಹತ್ತೂಮುಕ್ಕಾಲಿಗೆ ಅವನು ಕಾಯುವುದು ಬಿಟ್ಟ. ಜೀಪಿನ ಟಾರ್ಪಾಲಿಗೆ ಬಿದಿರು ಕಟ್ಟಿ ಡೋಲಿ ಮಾಡಿದರು. ಗೇಟಿನ ಪಕ್ಕದಲ್ಲಿ ಆಡು ನುಸಿಯುವಷ್ಟು ಸಂದು ಇತ್ತು. ಬೇಲಿಯ ಮುಳ್ಳಿಗೆ ಭುಜ ಕೊಟ್ಟು ಅದರಲ್ಲೇ ತೂರಿಸಿದರು. ಮುಂದೆ ಪುಟ್ಟಮಾದ, ಹಿಂದೆ ಶಾಂತರಾಜು. ದಾರಿಯುದ್ದಕ್ಕೂ ಅವನು ಮಾತಾಡುತ್ತಿದ್ದ. ಐವತ್ತು ಆನೆ ಅಂದ. ನೂರು ಹುಲಿ ಅಂದ. ಡೋಲಿಯಿಂದ ಯಾರೂ ತಿದ್ದಲಿಲ್ಲ. ಅಜ್ಜೀಪುರ ಇನ್ನೂ ಅರ್ಧ ಮೈಲಿ ಇರುವಾಗ, ಒಂದು ಹುಣಿಸೆ ಮರದ ಹತ್ತಿರ, ಹಿಂದಿನಿಂದ ಶಾಂತರಾಜು ಅಂದ: "ಇಳ್ಸು ಪುಟ್ಟಮಾದ. ಸಾಕು ಇಳ್ಸು."

ನೆಟ್ಟು ಬಂದದ್ದು ಅವತ್ತು ಸಂಜೆ.

ಮಣ್ಣು ಮಾಡಿದ ಮೂರನೇ ದಿನ ಪುಟ್ಟಮಾದ ಬುಟ್ಟಿ ತೆಗೆದುಕೊಂಡ. ಬಾಗಿಲು ಬಾಗಿಲಿಗೂ ಹೋಗಿ ಫೋನು ಇಸಿದುಕೊಂಡ. ಯಾಕೆ ಅಂತ ಯಾರೂ ಕೇಳಲಿಲ್ಲ. ಬಂಡೆ ಹತ್ತಿದ. ಐದು ತುಂಡನ್ನೂ ಒಂದಕ್ಕೊಂದು ಅಂಟಿಸಿದ. ಕೆಳಗೆ ಬರೆದ: ನನ್ನ ಹೆಂಡತಿ ಬೆಳ್ಳಮ್ಮ. ಗೇಟಿನಲ್ಲಿ ಒಂದೂಮುಕ್ಕಾಲು ಗಂಟೆ. ಹೆಚ್ಚಿಲ್ಲ, ಕಮ್ಮಿ ಇಲ್ಲ. ತನ್ನ ಫೋನಿನಿಂದ ಕಳಿಸಿದ. ಆಮೇಲೆ ಬುಟ್ಟಿಯಿಂದ ಇನ್ನೊಂದು ಫೋನು ಎತ್ತಿದ, ಅದರಿಂದ ಕಳಿಸಿದ. ಇನ್ನೊಂದು. ಇನ್ನೊಂದು. ಕೂಗು ಕೇಳಿದವನು ಕೂಗಬೇಕು. ಹತ್ತೊಂಬತ್ತು ಫೋನೂ ಕೂಗಿದವು.

ಆ ಕೂಗು ಬೆಂಗಳೂರು ಮುಟ್ಟಿತು. ಲಕ್ಷ ಜನ ನೋಡಿದರಂತೆ. ಅರ್ಧ ಕಳೆಯಿರಿ, ಐವತ್ತು ಸಾವಿರ ಕಮ್ಮಿಯಾ? ನಾಲ್ಕನೇ ದಿನಕ್ಕೆ ವಿಡಿಯೋ ಎಲ್ಲ ಕಡೆಯಿಂದ ಮಾಯ. ಐದನೇ ದಿನಕ್ಕೆ ಹತ್ತೊಂಬತ್ತು ಸಿಮ್ಮೂ ಸತ್ತವು. ಎಂಟನೇ ದಿನಕ್ಕೆ ಕಾಗದ ಬಂತು. ಅದರಲ್ಲಿ ಹೀಗಿತ್ತು: ಒಬ್ಬನೇ ವ್ಯಕ್ತಿ, ಒಂದೇ ಸ್ಥಳದಿಂದ, ಒಂದೇ ಗಂಟೆಯಲ್ಲಿ, ಹತ್ತೊಂಬತ್ತು ಹೆಸರಿನಲ್ಲಿ ಹರಡಿದ ಸಂಘಟಿತ ಸುಳ್ಳು ಮಾಹಿತಿ. ವಿಡಿಯೋ ತುಂಡುಗಳನ್ನು ಜೋಡಿಸಿ ತಯಾರಿಸಿದ್ದು. ಗೇಟಿನ ಪುಸ್ತಕದ ಪ್ರಕಾರ ತಡವಾದದ್ದು ಇಪ್ಪತ್ತು ನಿಮಿಷ ಮಾತ್ರ. ಅಲ್ಲದೆ ಸದರಿ ಮಹಿಳೆ ವಿಡಿಯೋದ ಕೊನೆಯಲ್ಲಿ ನಗುತ್ತಿರುವುದು ಸ್ಪಷ್ಟವಾಗಿ ಕಾಣುತ್ತದೆ.

ಕಾಗದ ಓದಿ ಹೇಳಿದ್ದು ಪುಟ್ಟಮಾದನೇ. ಪೋಡಿನಲ್ಲಿ ಓದು ಬಲ್ಲವನು ಅವನೊಬ್ಬನೇ. ಕೊನೆಯ ಸಾಲು ಎರಡು ಸಲ ಓದಿದ.

ಸಿಮ್ಮು ಸತ್ತರೆ ಏನೇನು ಸಾಯುತ್ತದೆ ಅಂತ ಆ ತಿಂಗಳು ಪೋಡು ಕಲಿಯಿತು. ರೇಷನ್ ಅಂಗಡಿಯವನು ನಂಬರು ಕೇಳಿದ. ನಂಬರು ಬರುವುದು ಸತ್ತ ಫೋನಿಗೆ. ಮುದುಕಿ ಮಹದೇವಿಯ ಪಿಂಚಣಿ ನಿಂತಿತು. ಹಾಸ್ಟೆಲಿನಲ್ಲಿ ಮಗುವಿಗೆ ಜ್ವರ ಬಂದದ್ದು ಒಂದು ವಾರದ ಮೇಲೆ ಗೊತ್ತಾಯಿತು. ಹೊಸ ಸಿಮ್ಮು ಕೊಡುವುದಿಲ್ಲ, ಹೆಸರುಗಳು ಪಟ್ಟಿಯಲ್ಲಿವೆ ಅಂದರು. ಜನ ಮತ್ತೆ ಗೆಣಸು ಅಗೆಯಲು ಹೋದರು. ಕಾಡಿನ ಗೆಣಸು ಹಾರೆಯಲ್ಲಿ ಎದೆಯುದ್ದ ಅಗೆದರೆ ಮುಂಗೈಯುದ್ದ ಸಿಗುತ್ತದೆ. ಅದನ್ನೂ ಕದ್ದು ಅಗೆಯಬೇಕು.

ಆಗ ಇನ್ನೊಂದು ಕಾಗದ. ಅಂತರ್ಜಾಲವನ್ನು ಯಾರು, ಹೇಗೆ, ಎಷ್ಟು ಹತೋಟಿಯಲ್ಲಿಡಬೇಕು ಅಂತ ಜನರ ಅಭಿಪ್ರಾಯ ಕೇಳಲು ಒಂದು ಸಮಿತಿ ಕೊಳ್ಳೇಗಾಲಕ್ಕೆ ಬರುತ್ತದೆ. ಪುಟ್ಟಮಾದ ಬಿನ್ ಕೇತ ಹಾಜರಾಗಬೇಕು. ವಿಡಿಯೋ ದಿಟವಲ್ಲ ಅಂತ ಒಪ್ಪಿ ವಿಷಾದಪತ್ರಕ್ಕೆ ಸಹಿ ಹಾಕಿದರೆ ಹತ್ತೊಂಬತ್ತು ಸಿಮ್ಮಿಗೂ ಅಲ್ಲೇ ಜೀವ ಕೊಡಲಾಗುವುದು. ಫೋನುಗಳನ್ನು ತರತಕ್ಕದ್ದು.

ಪೋಡು ನೆಲ್ಲಿ ಮರದ ಕೆಳಗೆ ಕೂತಿತು. ಯಜಮಾನ ಸೋಮಣ್ಣ ಬಹಳ ಹೊತ್ತು ನೆಲ ಕೆದಕಿದ. ಆಮೇಲೆ ಅಂದ:

"ಪುಟ್ಟಮಾದ, ನೀ ಸೈನ್ ಆಕು ಅಂತ ನಾವು ಯೋಳಕಿಲ್ಲ. ಆಕ್ಬ್ಯಾಡ ಅಂತ್ಲೂವೆ ಯೋಳಕಿಲ್ಲ. ಆಕುದ್ರೆ ನಿನ್ನ ಕೀಳಾಗ್ ನೋಡಕಿಲ್ಲ, ಅಷ್ಟೇಯ."

"ಬೆಳ್ಳಿ ಇದ್ದಿದ್ರೆ ಏನಂತಿದ್ಲೋ" ಅಂದಳು ಮಹದೇವಿ.

ಒಬ್ಬೊಬ್ಬರೇ ಎದ್ದು ಹೋಗಿ ಸತ್ತ ಫೋನುಗಳನ್ನು ತಂದು ಬುಟ್ಟಿಯೊಳಗೆ ಇಟ್ಟರು.

ಕೊಳ್ಳೇಗಾಲದ ಆ ಸಭಾಂಗಣ ಜನವರಿಯ ಮಾದಪ್ಪನ ಬೆಟ್ಟದಷ್ಟು ತಣ್ಣಗಿತ್ತು. ಪುಟ್ಟಮಾದ ಮತ್ತು ಸೋಮಣ್ಣ ಹಿಂದಿನ ಸಾಲಿನಲ್ಲಿ ಬುಟ್ಟಿ ತೊಡೆ ಮೇಲಿಟ್ಟುಕೊಂಡು ಕೂತರು. ಬಾಗಿಲಲ್ಲಿ ಕಾವಲಿನವನು ಬುಟ್ಟಿಗೆ ಕೈ ಹಾಕಿ ಕಲಕಿದ್ದ. ಚಪ್ಪಲಿ ಹೊರಗೆ ಬಿಡಿ ಅಂದಿದ್ದ. ಒಳಗೆ ಎಲ್ಲರೂ ಬೂಟಿನಲ್ಲೇ ಇದ್ದರು.

ಮೂರು ಗಂಟೆ ಮಾತಾಡಿದರು. ಸಮಿತಿಯ ಅಧ್ಯಕ್ಷ ವೃಷಭೇಂದ್ರಪ್ಪನವರು, ರಿಟೈರಾದ ದೊಡ್ಡ ಅಧಿಕಾರಿ, ಮೃದುವಾದ ದನಿಯವರು. "ಅಂತರ್ಜಾಲ ಅನ್ನೋದು ಕಾಡಾನೆ ಇದ್ದ ಹಾಗೆ. ಅಂಕುಶ ಬೇಕೇ ಬೇಕು" ಅಂದರು. ಕಾಡಾನೆಗೆ ಅಂಕುಶ ಹಾಕಿದವನನ್ನು ಪುಟ್ಟಮಾದ ತನ್ನ ಅತಿ ದೊಡ್ಡ ಸುಳ್ಳಿನಲ್ಲೂ ಕಂಡಿರಲಿಲ್ಲ. ಒಬ್ಬರು ಪ್ರತಿ ಸುದ್ದಿಗೂ ಮೊದಲು ಕಳಿಸಿದವನ ಹೆಸರು ಗೊತ್ತಿರಬೇಕು ಅಂದರು. ಇನ್ನೊಬ್ಬರು ಹಾಗೆ ಗೊತ್ತಿರಬಾರದು ಅಂದರು. ನೆಟ್ಟು ನಿಲ್ಲಿಸುವ ಅಧಿಕಾರ ಯಾರಿಗಿರಬೇಕು ಅಂತ ಅರ್ಧ ಗಂಟೆ ನಡೆಯಿತು. ನಿಂತಾಗ ಯಾರು ಸಾಯುತ್ತಾರೆ ಅಂತ ಯಾರೂ ಕೇಳಲಿಲ್ಲ. ನಡುವೆ ಒಬ್ಬ ತಜ್ಞ ಕಾಗದ ನೋಡಿಕೊಂಡು ಹೇಳಿದ: "ಆ ಎರಡು ದಿನ ಗೇಟುಗಳ ಕ್ಯಾಮೆರಾಗಳೂ ಕೆಲಸ ಮಾಡುತ್ತಿರಲಿಲ್ಲ. ಅವೂ ನೆಟ್ಟಿನ ಮೇಲೇ ನಡೆಯೋದು. ಹಾಗಾಗಿ ನಮ್ಮ ಹತ್ತಿರ ದೃಶ್ಯ ಇಲ್ಲ." ಹೇಳಿ ಮುಂದಿನ ಪುಟಕ್ಕೆ ಹೋದ.

ಪುಟ್ಟಮಾದ ಮುಂದಿನ ಪುಟಕ್ಕೆ ಹೋಗಲಿಲ್ಲ. ಕ್ಯಾಮ್ರಾ ಕುರುಡಾಗಿತ್ತು. ಕಂಬದ ಮೇಲಿದ್ದದ್ದು ಬರೀ ಡಬ್ಬಿ. ಡಬ್ಬಿಗೆ ಹೆದರಿ ಮಹದೇವು ಬೀಗದ ಕೈಯನ್ನು ಜೇಬಲ್ಲೇ ಇಟ್ಟುಕೊಂಡಿದ್ದ.

ಆಮೇಲೆ ಬೆಂಗಳೂರಿನ ಒಂದು ಸಂಸ್ಥೆಯ ಶೃತಿ ಎದ್ದಳು. ಪುಟ್ಟಮಾದನ ಪರವಾಗಿ ಮಾತಾಡುತ್ತೇನೆ ಅಂತ ಬೆಳಿಗ್ಗೆಯೇ ಕೈ ಕುಲುಕಿದ್ದವಳು. ನೆಟ್ಟು ನಿಲ್ಲಿಸುವುದು ತಪ್ಪು, ವಿಡಿಯೋ ಅಳಿಸಿಹಾಕಿದ್ದು ತಪ್ಪು, ಇದು ನಾಗರಿಕರ ಹಕ್ಕಿನ ಪ್ರಶ್ನೆ ಅಂದಳು. ಒಳ್ಳೆಯ ಮಾತುಗಳೇ. ದೊಡ್ಡ ಪರದೆ ಮೇಲೆ ಒಂದು ಚಿತ್ರ ಬಂತು. ಜೀಪು. ಜೀಪಿನಲ್ಲಿ ಬೆಳ್ಳಮ್ಮನ ಸೀರೆ. ಬೆಳ್ಳಮ್ಮನ ಕೈ. ಮುಖ ಇರುವ ಕಡೆ ಒದ್ದೆ ಬಟ್ಟೆಯಲ್ಲಿ ಒರೆಸಿದಂಥ ಒಂದು ಮಸುಕು.

ಪುಟ್ಟಮಾದ ಎದ್ದು ನಿಂತ. "ಮೊಕ ಎಲ್ಲವ್ವ?"

ಸಭೆ ಹಿಂದೆ ತಿರುಗಿತು.

"ಅದು ಗೌಪ್ಯತೆಗೋಸ್ಕರ, ಅಣ್ಣ" ಅಂದಳು ಶೃತಿ. "ಅವರ ಗುರುತು ಸಿಗಬಾರದು ಅಂತ ಅಳಿಸಿದ್ದೀವಿ."

"ಗುರ್ತು ಸಿಗ್ಲಿ ಅಂತ್ಲೆಯ ನಾ ಕಳ್ಸಿದ್ದು. ಅವ್ರು ವಿಡಿಯೋನ ಅಳ್ಸುದ್ರು. ನೀವು ಮೊಕ ಅಳ್ಸುದ್ರಿ. ನನ್ ತಾವು ಇನ್ನೇನದೆ?"

ಶೃತಿ ಪರದೆ ಆರಿಸಿ ಕೂತಳು.

ವೃಷಭೇಂದ್ರಪ್ಪನವರು ಬಾ ಅಂತ ಕೈ ಮಾಡಿದರು. ಮುಂದೆ ಕುರ್ಚಿ ಇತ್ತು, ಕೂರು ಅನ್ನಲಿಲ್ಲ. ಮೇಜಿನ ಮೇಲೆ ವಿಷಾದಪತ್ರ, ಪಕ್ಕದಲ್ಲಿ ಪೆನ್ನು. ಸಿಮ್ಮಿಗೆ ಜೀವ ಕೊಡುವ ಹುಡುಗ ಯಂತ್ರ ತೆರೆದು ಕೂತಿದ್ದ.

"ನೋಡಪ್ಪ ಪುಟ್ಟಮಾದ" ಅಂದರು. "ನಿನ್ನ ಬಗ್ಗೆ ವಿಚಾರಿಸಿದ್ದೀವಿ. ನೀನು ಕೆಟ್ಟವನಲ್ಲ. ಮಾತು ಸ್ವಲ್ಪ ಜಾಸ್ತಿ. ಹುಲಿಗೆ ಬೀಡಿ ಹಚ್ಚಿಕೊಟ್ಟೆ ಅಂತ ಹೇಳ್ತೀಯಂತಲ್ಲ."

ಸಭೆ ನಕ್ಕಿತು.

"ಇದೂ ಅಂಥದ್ದೇ ಒಂದು ಅಂತ ಸಹಿ ಮಾಡು. ದುಃಖದಲ್ಲಿ ಸ್ವಲ್ಪ ಹೆಚ್ಚಾಗಿ ಹೇಳಿಬಿಟ್ಟೆ ಅಂತ. ನಿನ್ನ ಜನರಿಗೂ ಒಳ್ಳೇದು. ಹೊಟ್ಟೆ ಮುಖ್ಯ ಅಲ್ವಾ?"

ಪುಟ್ಟಮಾದ ಹಿಂದಿನ ಸಾಲಿನ ಕಡೆ ನೋಡಿದ. ಸೋಮಣ್ಣ ತಲೆ ಬಗ್ಗಿಸಿಕೊಂಡಿದ್ದ. ತೊಡೆಯ ಮೇಲೆ ಬುಟ್ಟಿ. ಬುಟ್ಟಿಯಲ್ಲಿ ಮಹದೇವಿಯ ಪಿಂಚಣಿ ಇತ್ತು. ಹದಿನಾಲ್ಕು ಮನೆಯ ಅಕ್ಕಿ ಇತ್ತು. ಹಾಸ್ಟೆಲಿನ ಮಕ್ಕಳ ದನಿ ಇತ್ತು.

"ಉಲಿಗೆ ಬೀಡಿ ಕೊಟ್ಟಿದ್ದು ಸುಳ್ಳು ಸಾ" ಅಂದ. "ಬರ್ಕಳಿ."

"ಅಂದ್ರೆ?"

"ಬರ್ಕಳಿ ಸಾ. ಒಂದೂ ಬುಡದಂಗೆ ಬರ್ಕಳಿ, ಎಲ್ಲದ್ಕೂ ಸೈನ್ ಆಕ್ತೀನಿ. ಅತ್ತು ಕರಡಿ ಅಟ್ಟಿಸ್ಕಂಡ್ ಬಂದದ್ದು ಸುಳ್ಳು. ಒಂದ್ ಕರಡಿ. ಅದೂವೆ ನನ್ನ ನೋಡ್ನಿಲ್ಲ, ಅದ್ರ ಪಾಡ್ಗೆ ಓಯ್ತು. ಆನೆ ಬಾಲ ಇಡ್ಕಂಡು ಒಳೆ ದಾಟಿದ್ದು ಸುಳ್ಳು. ನಂಗೆ ಈಜು ಬರಕಿಲ್ಲ. ಒಂದೇ ಏಟ್ಗೆ ನೂರು ಜೇನು ಇಳ್ಸಿದ್ದು ಸುಳ್ಳು. ನಾ ಕೆಳ್ಗೆ ಅಗ್ಗ ಇಡ್ಕತಿದ್ದೆ. ಮರ ಅತ್ತಕೆ ನಂಗೆ ಭಯ."

ಸಭೆ ಈಗ ಜೋರಾಗಿ ನಗುತ್ತಿತ್ತು. ಒಬ್ಬರು ಫೋನಿನಲ್ಲಿ ಹಿಡಿಯುತ್ತಿದ್ದರು. ಪ್ರತಿ ಸುಳ್ಳಿಗೂ ಅವರು ನಕ್ಕು ಮುಗಿಸುವವರೆಗೆ ಪುಟ್ಟಮಾದ ಕಾದ. ಮೂವತ್ತು ವರ್ಷ ಜಗುಲಿ ಮೇಲೆ ಕಟ್ಟಿದ್ದನ್ನು ನಿಂತ ನಿಲುವಿನಲ್ಲಿ ಒಂದೊಂದೇ ಕೆಡವಿದ. ಕೊನೆಗೆ ಅವನ ಹತ್ತಿರ ಒಂದೂ ಉಳಿಯಲಿಲ್ಲ.

"ಆಯ್ತಾ ಸಾ? ನಂದೆಲ್ಲ ಮುಗೀತು. ಇನ್ ಇದು." ಅವನು ವಿಷಾದಪತ್ರವನ್ನು ಬೆರಳಲ್ಲಿ ಮುಟ್ಟಿದ. "ಒಂದೂಮುಕ್ಕಾಲು ಗಂಟೆ. ಇದು ನಿಜ. ಇದ್ಕೆ ಆಕಕಿಲ್ಲ."

ನಗು ನಿಂತಿತು.

"ವಿಡಿಯೋ ತುಂಡು ತುಂಡು ಜೋಡಿಸಿದ್ದು ಹೌದಾ ಅಲ್ವಾ?"

"ಔದು. ಪೋನಲ್ಲಿ ಜಾಗ ಇರ್ನಿಲ್ಲ."

"ಆಕೆ ನಗ್ತಿದ್ದದ್ದು?"

ಪುಟ್ಟಮಾದ ಅವರ ಮುಖವನ್ನು ನೋಡಿದ.

"ನಾ ಯೋಳದ್ರಲ್ಲಿ ಅರ್ಧ ಸುಳ್ಳು ಅಂತ ಅವ್ಳಿಗೆ ಗೊತ್ತಿತ್ತು ಸಾ. ದಿನಾ ತಿದ್ದೋಳು. ಅವತ್ತೂ ತಿದ್ದುದ್ಲು. ಸಾಯೋಳು ನಗಬಾರ್ದು ಅಂತ ನಿಮ್ ಪುಸ್ತಕದಲ್ಲದಾ?"

"ಯೋಚನೆ ಮಾಡು" ಅಂದರು ವೃಷಭೇಂದ್ರಪ್ಪನವರು. ದನಿ ಇನ್ನೂ ಮೃದುವಾಗಿಯೇ ಇತ್ತು. "ಹತ್ತೊಂಬತ್ತು ಫೋನು."

"ಎಣ್ಸಿವ್ನಿ ಸಾ."

ಪೆನ್ನನ್ನು ಎತ್ತಿ, ಮುಚ್ಚಳ ಹಾಕಿ, ಕಾಗದದ ಮೇಲೆ ಅಡ್ಡ ಇಟ್ಟ. ಸೋಮಣ್ಣನಿಂದ ಬುಟ್ಟಿ ಇಸಿದುಕೊಂಡು ತಲೆಯ ಮೇಲಿಟ್ಟ. ಬಾಗಿಲ ಹೊರಗೆ ಬಿಸಿಲು ಚಪ್ಪಲಿಯನ್ನು ಕಾಯಿಸಿತ್ತು.

ಬಸ್ಸಿನಲ್ಲಿ ಸೋಮಣ್ಣ ಒಂದೇ ಮಾತಾಡಿದ್ದು, ಅದೂ ಹನೂರು ದಾಟಿದ ಮೇಲೆ: "ಮರ ಅತ್ತಕೆ ನಿಂಗೆ ಭಯ ಅಂತ ನಂಗೆ ಮೊದ್ಲೇ ಗೊತ್ತಿತ್ತು ಕಣ್ಲಾ." ಅಂದು ಕಿಟಕಿಯ ಕಡೆ ತಿರುಗಿದ.

ಅಜ್ಜೀಪುರದಿಂದ ನಡೆದರು. ಹುಣಿಸೆ ಮರದ ಹತ್ತಿರ ಇಬ್ಬರೂ ನಿಲ್ಲಲಿಲ್ಲ. ನೆಲ್ಲಿಹಳ್ಳಕ್ಕೆ ಬರುವಾಗ ಬಿಸಿಲು ಇಳಿದಿತ್ತು. ಮಹದೇವು ದೂರದಿಂದಲೇ ನೋಡಿದ. ನಡೆದು ಹೋಗುವವರಿಗೆ ಪಾಸು ಬೇಕಿಲ್ಲ, ಪಕ್ಕದ ಸಂದು ಸಾಕು. ಆದರೂ ಅವನು ಜೇಬಿನಿಂದ ಬೀಗದ ಕೈ ತೆಗೆದ. ಬೀಗ ಬಿಚ್ಚಿದ. ಕಬ್ಬಿಣದ ಗೇಟನ್ನು, ಲಾರಿ ಹೋಗುವಷ್ಟು ಅಗಲಕ್ಕೆ, ದರದರ ಎಳೆದು ತೆರೆದ. ಕ್ಯಾಮ್ರಾದ ಕೆಂಪು ಚುಕ್ಕಿ ಉರಿಯುತ್ತಿತ್ತು. ನೆಟ್ಟು ಇತ್ತು.

"ನೋಡ್ತರೆ ಕಣಪ್ಪ ಮಹದೇವು" ಅಂದ ಸೋಮಣ್ಣ.

"ನೋಡ್ಲಿ ಬುಡಣ್ಣ. ಕೆಲ್ಸ ಓದ್ರೆ ಓಗ್ಲಿ." ಅವನ ಕಣ್ಣು ಪುಟ್ಟಮಾದನ ಮೇಲಿತ್ತು. "ಅವತ್ತೂ ತೆಗೀಬೇಕಾಗಿತ್ತು. ಕ್ಯಾಮ್ರಾ ಇಲ್ದೆ ಇದ್ದಿದ್ರೆ ತೆಗ್ದೇ ತೆಗೀತಿದ್ದೆ ಕಣಣ್ಣ. ಮಾದಪ್ನಾಣೆಗೂ ತೆಗೀತಿದ್ದೆ."

ಪುಟ್ಟಮಾದನ ನಾಲಿಗೆ ತುದಿಗೆ ಬಂತು. ಅವತ್ತು ಅದು ಬರೀ ಡಬ್ಬಿ ಕಣೋ. ನೋಡುತ್ತಿರಲಿಲ್ಲ ಕಣೋ. ಹುಟ್ಟಿದಾಗಿನಿಂದ ಬಾಯಿಗೆ ಬಂದದ್ದನ್ನು ಒಂದು ದಿನವೂ ನುಂಗದ ಮನುಷ್ಯ ಅವನು. ಇದನ್ನು ನುಂಗಿದ.

"ಮುಚ್ಕೊ" ಅಂದ. "ಮಕ್ಳವೆ ನಿಂಗೆ."

ತೆರೆದ ಗೇಟನ್ನು ಬಿಟ್ಟು ಪಕ್ಕದ ಸಂದಿನಲ್ಲಿ ತೂರಿದ. ಬೇಲಿಯ ಮುಳ್ಳು ಅದೇ ಭುಜಕ್ಕೆ ಗೀರಿತು.

ಪೋಡಿನಲ್ಲಿ ಒಲೆಗಳು ಹತ್ತಿದ್ದವು. ಪುಟ್ಟಮಾದ ಬಾಗಿಲು ಬಾಗಿಲಿಗೂ ಹೋಗಿ ಬುಟ್ಟಿಯಿಂದ ಅವರವರ ಫೋನು ತೆಗೆದು ಕೊಟ್ಟ. ಜನ ಫೋನಿನ ಮುಖ ನೋಡಿದರು. ಕಪ್ಪಗಿತ್ತು. ಗೊತ್ತಾಯಿತು. ಒಬ್ಬಳು ಬಾಗಿಲು ಹಾಕಿಕೊಂಡಳು. ಕೊನೆಯ ಮನೆ ಮುದುಕಿ ಮಹದೇವಿಯದು. ಅವಳಿಗೆ ಕಣ್ಣು ಮಂಜು. ಫೋನು ಕೈಯಲ್ಲಿ ಹಿಡಿದು ರೂಢಿಯಂತೆ ಕೇಳಿದಳು:

"ಏನ್ ಬಂತು ನಂಗೆ?"

"ಏನೂ ಬರ್ನಿಲ್ಲ ಕಣವ್ವ. ಇನ್ ಬರಕೂ ಇಲ್ಲ. ನಾ ಸೈನ್ ಆಕ್ನಿಲ್ಲ."

ಮಹದೇವಿ ಫೋನನ್ನು ಸೆರಗಿನಲ್ಲಿ ಒರೆಸಿದಳು. ಒರೆಸುತ್ತಲೇ ಇದ್ದಳು. ಆಮೇಲೆ ಅದನ್ನು ಗೋಡೆಯ ಗೂಡಿನಲ್ಲಿ ಇಟ್ಟು, ಒಳಗಿನಿಂದ ಬೇಯಿಸಿದ ಗೆಣಸು ತಂದು ಅವನ ಮುಂದೆ ಇಟ್ಟಳು. ಮನೆಯಲ್ಲಿದ್ದದ್ದು ಅಷ್ಟೇ ಅಂತ ಅವನಿಗೂ ಗೊತ್ತಿತ್ತು.

"ತಿನ್ನು. ಜನ ಬಾಳ ಇದ್ರಾ ಅಲ್ಲಿ?"

"ಇನ್ನೂರು ಜನ" ಅಂದ ಪುಟ್ಟಮಾದ.

ಅಂದು, ಕತ್ತು ಹೊರಳಿಸಿದ. ಎದುರಿಗೆ ಅವನ ಮನೆ. ಅದರ ಒಲೆ ಹತ್ತಿರಲಿಲ್ಲ. ಒಳಗಿನಿಂದ ದನಿ ಬರುವಷ್ಟು ಹೊತ್ತು ಕಾದ.

"ನೂರು" ಅಂದ, ತಾನೇ. "ನೂರಿರ್ಬೇಕು ಕಣವ್ವ."